ಕೋಣೆಯ ತಪ್ಪನ್ನು ಕೈ ಕಲಿಯದಿರಲಿ: ಮನೆಯಲ್ಲಿ ಪಿಎ ಸ್ಪೀಕರ್ ಇಟ್ಟು ಡಿಜೆ ಅಭ್ಯಾಸ

ಪ್ರಶ್ನೆ: ಮದುವೆ, ಆರತಕ್ಷತೆ, ಕಾಲೇಜು ಸಮಾರಂಭಗಳಿಗೆ ಡಿಜೆ ಮಾಡುವ ಆಸೆಯಿಂದ ಲ್ಯಾಪ್‌ಟಾಪ್‌ನ ಹಾಡುಗಳನ್ನು ಬೆರೆಸುವ, ಎರಡು ಚಾನೆಲ್‌ನ ಕಂಟ್ರೋಲರ್ ಒಂದನ್ನೂ, ಒಳಗೇ ಆಂಪ್ಲಿಫಯರ್ ಇರುವ 12 ಇಂಚಿನ ಎರಡು ಪಿಎ (ಸಭೆ ಸಮಾರಂಭಗಳಲ್ಲಿ ಬಳಸುವ) ಸ್ಪೀಕರ್‌ಗಳನ್ನೂ ಕೊಂಡಿದ್ದೇನೆ. ಒಂದೊಂದರ ಮೇಲೂ 1000 ವ್ಯಾಟ್ ಎಂದು ಬರೆದಿದೆ. ಅಭ್ಯಾಸ ಮಾಡುವುದು ಮಹಡಿಯ ಮೇಲಿನ, 10 ಅಡಿ ಅಗಲ ಮತ್ತು 12 ಅಡಿ ಉದ್ದದ ಕೋಣೆಯಲ್ಲಿ. ನಡುವೆ ಮೇಜು ಇಟ್ಟುಕೊಂಡು ನಿಂತರೆ ಕಿಕ್ (ತಾಳ ಹಿಡಿಯುವ ದಪ್ಪ ಡ್ರಮ್ ಸದ್ದು) ಸೊರಗಿದಂತೆ ಕೇಳುತ್ತದೆ. ಬೇಸ್‌ನ ಲೋ ನಾಬ್ ಏರಿಸಿದರೆ ಗೋಡೆ ನಡುಗುತ್ತಿದೆ ಎಂದು ಅಮ್ಮ ಕೆಳಗಿನಿಂದ ಕೂಗುತ್ತಾರೆ. ಮೇಲಿನ ಸ್ವರಗಳು ಕಿವಿಗೆ ಚುಚ್ಚುತ್ತವೆ. ಹಾಡು ನಿಲ್ಲಿಸಿದರೂ ಸ್ಪೀಕರ್‌ನಿಂದ 'ಸುಸ್' ಎಂಬ ಸದ್ದು ನಿಲ್ಲುವುದಿಲ್ಲ. ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ಸೇರಿಸಬೇಕೇ, ಅಥವಾ ಇವನ್ನು ಮಾರಿ ಸ್ಟುಡಿಯೋ ಮಾನಿಟರ್ (ಹತ್ತಿರದಿಂದ ಕೇಳುವ ಚಿಕ್ಕ ಸ್ಪೀಕರ್) ಕೊಳ್ಳಬೇಕೇ?
— ಓದುಗರು, ದಾವಣಗೆರೆ

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ, ಏನನ್ನೂ ಮಾರಲೂ ಬೇಡಿ. ನಿಮಗೆ ಕೇಳಿಸದ ಕಿಕ್ ಕೆಳಗಿರುವ ತಾಯಿಯವರಿಗೆ ಗೋಡೆ ನಡುಗಿಸುವಷ್ಟು ಕೇಳುತ್ತದೆ ಎಂದು ಬರೆದಿದ್ದೀರಲ್ಲ, ನಿಮ್ಮ ತೊಂದರೆಯ ಮೂಲವೆಲ್ಲ ಆ ಒಂದು ಸಾಲಿನಲ್ಲಿಯೇ ಇದೆ. ಸ್ಪೀಕರ್ ಬೇಸ್ ಕೊಡುತ್ತಲೇ ಇದೆ. ನೀವು ನಿಂತಿರುವ ಜಾಗಕ್ಕೆ ಮಾತ್ರ ಅದು ದಕ್ಕುತ್ತಿಲ್ಲ.

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಎದುರುಬದುರಾದ ಎರಡು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಹಿಡಿಸುವ ಆವರ್ತನದಲ್ಲಿ ಆ ಅಲೆ ಗೋಡೆಯಿಂದ ಗೋಡೆಗೆ ಮರಳಿ ಮರಳಿ ಬಂದು ಅಲ್ಲಿಯೇ ನೆಲೆ ನಿಲ್ಲುತ್ತದೆ. ನಿಮ್ಮ ಕೋಣೆಯ 12 ಅಡಿ ಉದ್ದಕ್ಕೆ ಇದು ಸುಮಾರು 47 ಹರ್ಟ್ಸ್, 10 ಅಡಿ ಅಗಲಕ್ಕೆ ಸುಮಾರು 56 ಹರ್ಟ್ಸ್ ಆಗುತ್ತದೆ. ನಮ್ಮ ಕಡೆಯ ಆರ್‌ಸಿಸಿ ಮನೆಗಳಲ್ಲಿ ಚಾವಣಿಯೂ ಬಹುಮಟ್ಟಿಗೆ 10 ಅಡಿಯ ಎತ್ತರದಲ್ಲಿಯೇ ಇರುವುದರಿಂದ, ಆ 56 ಹರ್ಟ್ಸ್ ಅಗಲದಲ್ಲಿ ಒಮ್ಮೆ, ಎತ್ತರದಲ್ಲಿ ಇನ್ನೊಮ್ಮೆ ಸೇರಿಕೊಳ್ಳುತ್ತದೆ. ನೃತ್ಯದ ಹಾಡುಗಳಲ್ಲಿ ಕಿಕ್‌ನ ತಳದ ಸ್ವರ ಇರುವುದೂ ಹೆಚ್ಚಾಗಿ 50ರಿಂದ 60 ಹರ್ಟ್ಸ್‌ಗಳ ಆಸುಪಾಸಿನಲ್ಲಿಯೇ. ಹೀಗೆ ನೆಲೆ ನಿಂತ ಅಲೆಯ ಒತ್ತಡ ಗೋಡೆಯ ಬಳಿ ಅತಿ ಹೆಚ್ಚು, ಕೋಣೆಯ ನಟ್ಟನಡುವೆ ಬಹುತೇಕ ಶೂನ್ಯ. ನಡುಕೋಣೆಯಲ್ಲಿ ನಿಂತ ಮನುಷ್ಯನ ಕಿವಿ ನೆಲದಿಂದ ಸುಮಾರು 5 ಅಡಿ ಎತ್ತರದಲ್ಲಿರುತ್ತದೆ. ಎಂದರೆ ಉದ್ದ, ಅಗಲ, ಎತ್ತರ ಮೂರರ ಮಧ್ಯಬಿಂದುವಿನಲ್ಲಿ, ಇಡೀ ಕೋಣೆಯಲ್ಲಿ ಬೇಸ್‌ಗೆ ಎಲ್ಲಕ್ಕಿಂತ ಕಡಿಮೆ ಬೆಂಬಲ ಸಿಗುವ ಜಾಗದಲ್ಲಿ, ನಿಮ್ಮ ಮೇಜು ಇದೆ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಬರೀ ಕಿಕ್ ಇರುವ ನಾಲ್ಕು ಬೀಟುಗಳನ್ನು ಲೂಪ್‌ಗೆ ಹಾಕಿ, ಸದ್ದನ್ನು ಸಾಧಾರಣ ಮಟ್ಟದಲ್ಲಿಟ್ಟು, ಹಿಂದಿನ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ. ಅಲ್ಲಿಂದ ಒಂದೊಂದೇ ಹೆಜ್ಜೆ ಮುಂದಕ್ಕೆ ಬನ್ನಿ. ಗೋಡೆಯ ಬಳಿ ಹೊಟ್ಟೆಗೆ ಗುದ್ದುತ್ತಿದ್ದ ಕಿಕ್ ಮೂರು ನಾಲ್ಕು ಹೆಜ್ಜೆಯಲ್ಲಿ ಬರಿದಾಗುತ್ತಾ ಹೋಗಿ, ನಡುವಿಗೆ ಬರುವ ಹೊತ್ತಿಗೆ ಅದರ 'ಟಕ್' ಎಂಬ ಮೊನೆಯಷ್ಟೇ ಉಳಿದಿರುತ್ತದೆ. ನಾಬ್, ಹಾಡು, ಸ್ಪೀಕರ್ ಯಾವುದೂ ಬದಲಾಗಿಲ್ಲ. ನೀವು ನಿಂತ ನೆಲ ಮಾತ್ರ ಬದಲಾಗಿದೆ. ಗೋಡೆಯ ಅಬ್ಬರವೂ ಅಲ್ಲದ, ನಡುವಿನ ಬಡತನವೂ ಅಲ್ಲದ ಒಂದು ಜಾಗ ಇವೆರಡರ ನಡುವೆ ಸಿಗುತ್ತದೆ. ನಿಮ್ಮ ಕೋಣೆಯಲ್ಲಿ ಅದು ಹಿಂದಿನ ಗೋಡೆಯಿಂದ ಸುಮಾರು ನಾಲ್ಕೂವರೆ ಅಡಿ ದೂರದಲ್ಲಿ ಇರಬೇಕು. ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಮೇಜನ್ನು ಅಲ್ಲಿಗೆ ಸರಿಸಿ.

ಇದಕ್ಕೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಡಿಜೆಗೆ ಲೋ, ಮಿಡ್, ಹೈ ನಾಬ್‌ಗಳು ವಾದ್ಯವೇ ಸರಿ. ಒಳಬರುವ ಹಾಡಿನ ಬೇಸ್ ಅನ್ನು ಅಡಗಿಸಿಟ್ಟು, ಸರಿಯಾದ ಬೀಟಿನಲ್ಲಿ ಹೊರಹೋಗುವ ಹಾಡಿನ ಬೇಸ್ ಇಳಿಸಿ ಇದರದ್ದನ್ನು ಬಿಡುವುದು ಈ ಕಲೆಯ ಮೊದಲ ಪಾಠ. ಕೋಣೆಯ ಕೊರತೆಯನ್ನು ತುಂಬಿಸಲು ಅದೇ ನಾಬ್ ಬಳಸಿದರೆ ಕೈ ತಪ್ಪು ಪಾಠ ಕಲಿಯುತ್ತದೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಸ್ಪೀಕರ್ ಬಾಕ್ಸ್‌ಗಳನ್ನು ಮೂಲೆಗೆ ಒತ್ತಿಟ್ಟು, ಹಿಂದಿನ ಗೋಡೆಗೆ ಆತು ನಿಂತು ಆರು ತಿಂಗಳು ಅಭ್ಯಾಸ ಮಾಡಿದೆ. ಬೇಸ್ ಗುಮ್ಮೆಂದು ತುಂಬಿಕೊಳ್ಳುತ್ತಿದ್ದುದರಿಂದ ಪ್ರತಿ ಹಾಡಿಗೂ ಲೋ ನಾಬ್ ಅನ್ನು ಗಡಿಯಾರದ ಹತ್ತು ಗಂಟೆಯ ಸ್ಥಾನಕ್ಕೆ ಇಳಿಸುವುದು ರೂಢಿಯಾಗಿಬಿಟ್ಟಿತು. ಅನಂತರ ಬಯಲಿನಲ್ಲಿ ಪೆಂಡಾಲ್ ಹಾಕಿದ್ದ ಒಂದು ಆರತಕ್ಷತೆಯಲ್ಲಿ ಕೈ ತಾನಾಗಿಯೇ ಹಾಗೆ ಮಾಡಿತು. ಎರಡನೆಯ ಹಾಡಿಗೇ ಮುಂದಿನ ಸಾಲಿನ ಹುಡುಗರು ಕುಣಿತ ನಿಲ್ಲಿಸಿ ಕುರ್ಚಿಯತ್ತ ನಡೆದರು. ಬಯಲಿನಲ್ಲಿ ಬೇಸ್ ಅನ್ನು ಹಿಡಿದಿಡಲು ಗೋಡೆಗಳಿರುವುದಿಲ್ಲ, ಇದ್ದ ಬೇಸನ್ನೂ ನಾನು ಇಳಿಸಿದ್ದೆ. ಸೌಂಡ್‌ನವರು ಬಂದು, ಏನೂ ಹೇಳದೆ, ಆ ನಾಬ್ ಅನ್ನು ನಡುವಿಗೆ ತಂದು ನಿಲ್ಲಿಸಿದರು. ಮನೆಯಲ್ಲಿ ಅಭ್ಯಾಸ ಮಾಡುವಾಗ ಮೂರೂ ನಾಬ್‌ಗಳ ಸ್ವಸ್ಥಾನ ನಡುವೆಯೇ ಇರಲಿ. ಕೋಣೆಗಾಗಿ ಏನನ್ನಾದರೂ ತಿದ್ದಲೇಬೇಕೆಂದರೆ ಸ್ಪೀಕರ್‌ನ ಹಿಂಬದಿಯಲ್ಲಿ ತಿದ್ದಿ, ಕಂಟ್ರೋಲರ್‌ನ ಮಿಕ್ಸರ್ ಭಾಗದಲ್ಲಿ ಬೇಡ.

ಇನ್ನು ಸ್ಪೀಕರ್‌ಗಳ ಜಾಗ. 10 ಅಡಿಯ ಗೋಡೆಯ ಮುಂದೆ, ಎರಡನ್ನೂ ಪರಸ್ಪರ ಐದಾರು ಅಡಿ ಅಂತರದಲ್ಲಿ, ಮೂಲೆಗಳಿಂದ ಹೊರಗೆ ತಂದು, ಕೋಣೆಯ ಉದ್ದಕ್ಕೆ ಮುಖ ಮಾಡಿ ನಿಲ್ಲಿಸಿ. ಮೂಲೆಗೆ ಒತ್ತಿದ ಬಾಕ್ಸ್ ಎರಡು ಗೋಡೆಗಳ ನೆರವಿನಿಂದ ತಳಸ್ವರಗಳನ್ನು ಬೇಡವೆಂದರೂ ಹೆಚ್ಚಿಸುತ್ತದೆ, ಅದೂ ಎಲ್ಲವನ್ನೂ ಒಂದೇ ಸಮನಾಗಿ ಅಲ್ಲ. ಮೇಜಿನ ಮೇಲೆ ಕೈಯಳತೆಯಲ್ಲಿ ಇಟ್ಟುಕೊಳ್ಳುವುದೂ ಸರಿಯಲ್ಲ. 12 ಇಂಚಿನ ವೂಫರ್‌ನ ಸದ್ದೂ ಅದರ ಮೇಲಿನ ಹಾರ್ನ್‌ನ (ಮೇಲಿನ ಸ್ವರಗಳನ್ನು ಹೊರಡಿಸುವ ಭಾಗ) ಸದ್ದೂ ಬೆರೆತು ಒಂದಾಗಿ ಕೇಳಬೇಕಾದರೆ ಸ್ವಲ್ಪ ದೂರ ಬೇಕು. ಎರಡು ಅಡಿಯಲ್ಲಿ ನಿಂತರೆ ತಲೆ ಬಗ್ಗಿಸಿದಾಗ ಒಂದು ನಾದ, ಎತ್ತಿದಾಗ ಇನ್ನೊಂದು ನಾದ ಕೇಳುತ್ತದೆ. ನಾನು ಹೇಳಿದ ಜಾಗದಲ್ಲಿ ನಿಂತರೆ ಈ ದೂರ ಸುಮಾರು ಆರು ಅಡಿಯಾಗುತ್ತದೆ, ಅದು ಸಾಕು. ಹಾರ್ನ್ ನಿಮ್ಮ ಕಿವಿಯ ಎತ್ತರಕ್ಕೆ ಬರುವಂತೆ ಸ್ಟ್ಯಾಂಡ್ ಹೊಂದಿಸಿ, ಎರಡು ಹಾರ್ನ್‌ಗಳ ನೇರ ಗೆರೆಗಳು ನಿಮ್ಮ ತಲೆಯ ಒಂದು ಅಡಿ ಹಿಂದೆ ಕೂಡುವಷ್ಟು ಒಳಕ್ಕೆ ತಿರುಗಿಸಿ. ಗೆರೆ ಕಿವಿಗೇ ಬಡಿಯದಂತೆ ಹೀಗೆ ಮಾಡಿದರೆ ಚುಚ್ಚುವಿಕೆ ಅರ್ಧ ಇಳಿಯುತ್ತದೆ.

ಉಳಿದ ಚುಚ್ಚುವಿಕೆಗೆ ಮೂರು ಕಾರಣಗಳಿರಬಹುದು. ಹಿಂಬದಿಯಲ್ಲಿ 'ಡಿಜೆ', 'ಕ್ಲಬ್', 'ಕಾಂಟೂರ್' ಎಂಬ ಆಯ್ಕೆಗಳಿದ್ದರೆ ಅವು ಬೇಸ್ ಮತ್ತು ಟ್ರೆಬಲ್ ಎರಡನ್ನೂ ಉಬ್ಬಿಸುತ್ತವೆ. ಹೆಸರಿನಲ್ಲಿ ಡಿಜೆ ಇದೆಯೆಂದು ಅದನ್ನೇ ಆರಿಸದೆ 'ಫ್ಲಾಟ್' ಅಥವಾ 'ಆಫ್' ಇಡಿ. ಎರಡನೆಯದು ಹಾಡಿನ ಫೈಲ್. ವಿಡಿಯೊ ತಾಣಗಳಿಂದ ಇಳಿಸಿಕೊಂಡ, 128 ಕೆಬಿಪಿಎಸ್‌ಗೆ ಹಿಂಡಿದ ಎಂಪಿ3ಯ ಹೈ-ಹ್ಯಾಟ್‌ಗಳು (ಡ್ರಮ್‌ನ ತಾಳದಂಥ 'ಚಿಕ್' ಸದ್ದು) ಮೊಬೈಲ್‌ನಲ್ಲಿ ಸರಿಯಾಗಿಯೇ ಕೇಳುತ್ತವೆ, ಆದರೆ ಹಾರ್ನ್‌ನಲ್ಲಿ ಮರಳು ಉಜ್ಜಿದಂತೆ ಕೇಳುತ್ತವೆ. ಹಣ ಕೊಟ್ಟು ಪಡೆದ 320 ಕೆಬಿಪಿಎಸ್ ಅಥವಾ ವೇವ್ ಫೈಲ್ ಒಂದನ್ನು ಹಾಕಿ ಹೋಲಿಸಿ ನೋಡಿ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಕೋಣೆಯ ಗಟ್ಟಿತನ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ನಾಲ್ಕೂ ಕಡೆ ನುಣುಪಾದ ಸಿಮೆಂಟ್ ಗಾರೆ, ಒಂದು ಗಾಜಿನ ಕಿಟಕಿ: ಇಂಥ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ 'ಝಿರ್' ಎಂದು ತಂತಿ ಮಿಡಿದಂತೆ ಸದ್ದು ಮರಳುತ್ತದೆ. ಪ್ರತಿ ಹೈ-ಹ್ಯಾಟ್‌ಗೂ ಅದೇ ಬಾಲ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಹಳೆಯ ಕೌದಿಗಳಿದ್ದರೆ ಎರಡು ಮೂರನ್ನು ಮಡಚಿ ದಪ್ಪ ಮಾಡಿ, ನಿಮ್ಮ ಎಡಬಲದ ಗೋಡೆಗಳಲ್ಲಿ, ಸ್ಪೀಕರ್‌ಗೂ ನಿಮಗೂ ನಡುವೆ ಬರುವ ಭಾಗದಲ್ಲಿ, ಗೋಡೆಯಿಂದ ಮೂರು ನಾಲ್ಕು ಇಂಚು ಬಿಟ್ಟು ನೇತು ಹಾಕಿ. ಆ ಬಿಟ್ಟ ಜಾಗ ಮುಖ್ಯ, ಏಕೆಂದರೆ ಗಾಳಿ ಚಲಿಸುವ ಕಡೆ ಬಟ್ಟೆ ಇದ್ದರೆ ಮಾತ್ರ ಅದು ಸದ್ದನ್ನು ಹೀರುತ್ತದೆ, ಗೋಡೆಗೆ ಅಂಟಿದ್ದರೆ ಹೀರುವುದು ಬಹಳ ಕಡಿಮೆ. ಹಿಂದಿನ ಗೋಡೆಗೆ ಒಂದು ಹತ್ತಿಯ ಹಾಸಿಗೆಯನ್ನು ನಿಲ್ಲಿಸಿ, ನೆಲಕ್ಕೆ ಜಮಖಾನ ಹಾಸಿ ಮತ್ತೆ ಚಪ್ಪಾಳೆ ತಟ್ಟಿ. ಮೊಟ್ಟೆಯ ಟ್ರೇ ಅಂಟಿಸುವ ಶ್ರಮ ಮಾತ್ರ ಬೇಡ, ಆ ತೆಳು ರಟ್ಟಿನಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಇವು ಯಾವುವೂ ಬೇಸ್ ಅನ್ನು ತಡೆಯುವುದಿಲ್ಲ ಎಂಬುದೂ ತಿಳಿದಿರಲಿ. 50 ಹರ್ಟ್ಸ್ ಸ್ವರದ ಒಂದು ಅಲೆ ಸುಮಾರು 7 ಮೀಟರ್ ಉದ್ದವಿರುತ್ತದೆ. ಕೌದಿಯ ದಪ್ಪ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಬೇಸ್‌ಗೆ ಜಾಗ ಬದಲಿಸುವುದೇ ಮದ್ದು.

'ಸುಸ್' ಎಂಬ ಸದ್ದಿಗೆ ಬರೋಣ. ಇಂತಹ ಬಾಕ್ಸ್‌ಗಳು ಒಂದು ವ್ಯಾಟ್ ಶಕ್ತಿಗೆ ಒಂದು ಮೀಟರ್ ದೂರದಲ್ಲಿ ಸುಮಾರು 97 ಡೆಸಿಬಲ್ ಸದ್ದು ಕೊಡಬಲ್ಲವು. ಎರಡು ಮೀಟರ್ ದೂರದಲ್ಲಿ ಅದು 91 ಎಂದಿಟ್ಟುಕೊಂಡರೂ, ಅಭ್ಯಾಸಕ್ಕೆ ಬೇಕಾದ 78 ಡೆಸಿಬಲ್‌ಗೆ ಒಂದು ವ್ಯಾಟ್‌ನ ಇಪ್ಪತ್ತರಲ್ಲಿ ಒಂದು ಪಾಲು ಸಾಕು. ಸಾವಿರ ವ್ಯಾಟ್‌ನ ಯಂತ್ರವನ್ನು ಇಷ್ಟು ಮೆಲ್ಲಗೆ ನಡೆಸುವಾಗ ಅದರ ಉಸಿರಾಟವೂ ಕೇಳಿಸುತ್ತದೆ. ಪೆಂಡಾಲ್‌ನಲ್ಲಿ ಜನರ ಗದ್ದಲದಲ್ಲಿ ಮುಳುಗುವ ಆ ಸದ್ದು ಮಲಗುವ ಕೋಣೆಯಲ್ಲಿ ಎದ್ದು ಕಾಣುತ್ತದೆ. ಕೇಬಲ್ ತೆಗೆದರೂ ಉಳಿಯುವ ಸದ್ದು ಬಾಕ್ಸ್‌ನದ್ದೇ, ಅದನ್ನು ಒಪ್ಪಿಕೊಳ್ಳಬೇಕು. ಕೇಬಲ್ ತೆಗೆದೊಡನೆ ಇಳಿಯುವ ಭಾಗ ಮಾತ್ರ ನೀವು ಹೊಂದಿಸಿದ ಮಟ್ಟಗಳಿಂದ ಬಂದದ್ದು. ಸ್ಪೀಕರ್‌ನ ನಾಬ್ ಪೂರ್ತಿ ಏರಿಸಿ, ಕಂಟ್ರೋಲರ್‌ನ ಮಾಸ್ಟರ್ (ಒಟ್ಟು ಸದ್ದಿನ ನಾಬ್) ಅನ್ನು ಕೂದಲೆಳೆಯಷ್ಟು ತೆರೆದು ಬಳಸುತ್ತಿರುವಿರೆಂದು ನನ್ನ ಊಹೆ. ಅದನ್ನು ತಿರುವುಮುರುವು ಮಾಡಿ. ಸ್ಪೀಕರ್‌ನ ಸ್ವಿಚ್ 'ಮೈಕ್' ಬದಲು 'ಲೈನ್'ನಲ್ಲಿರಲಿ. ಅದರ ನಾಬ್ ಪೂರ್ತಿ ಕೆಳಗಿರಲಿ. ಹಾಡಿನ ಅತಿ ಜೋರಿನ ಭಾಗದಲ್ಲಿ ಮೀಟರ್‌ನ ಹಸಿರು ದಾಟಿ ಮೊದಲ ಕಿತ್ತಳೆ ದೀಪ ಮಿನುಗುವಂತೆ ಟ್ರಿಮ್ (ಒಂದೊಂದು ಚಾನೆಲ್‌ಗೆ ಒಳಬರುವ ಸದ್ದಿನ ಮಟ್ಟದ ನಾಬ್) ಹೊಂದಿಸಿ, ಕೆಂಪು ಎಂದೂ ಹತ್ತದಿರಲಿ. ಮಾಸ್ಟರ್ ಅನ್ನು ಅದರ ಸಾಮಾನ್ಯ ಗುರುತಿಗೆ ತಂದು, ಕೊನೆಯಲ್ಲಿ ಸ್ಪೀಕರ್‌ನ ನಾಬ್ ಅನ್ನು ಬೇಕಾದಷ್ಟೇ ತೆರೆಯಿರಿ. ಮೀಟರ್ ನೋಡಿ ಟ್ರಿಮ್ ಹೊಂದಿಸುವ ಈ ರೂಢಿ ವೇದಿಕೆಯಲ್ಲಿಯೂ ನಿಮ್ಮನ್ನು ಕಾಪಾಡುತ್ತದೆ.

ಮೆಲ್ಲಗೆ ಕೇಳಿದಾಗ ಬೇಸ್ ಇನ್ನೂ ಕೊಂಚ ಕಡಿಮೆ ಎನಿಸಿದರೆ ಗಾಬರಿಯಾಗಬೇಡಿ. ಸದ್ದು ಇಳಿದಂತೆ ಮನುಷ್ಯನ ಕಿವಿ ಮಿಡ್‌ಗಿಂತ ಬೇಸ್ ಅನ್ನು ಬೇಗನೆ ಕಳೆದುಕೊಳ್ಳುತ್ತದೆ ಎಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದರು. ಒಂದೇ ಮಟ್ಟದಲ್ಲಿ ಒಂದು ವಾರ ಅಭ್ಯಾಸ ಮಾಡಿದರೆ ಕಿವಿ ಅದಕ್ಕೆ ಹೊಂದಿಕೊಳ್ಳುತ್ತದೆ. ಸಬ್‌ವೂಫರ್ ತಂದರೆ ನೀವು ನಿಂತಲ್ಲಿಗಿಂತ ಕೆಳಗಿನ ಮನೆಗೇ ಅದರ ಫಲ ಹೆಚ್ಚು. ಸ್ಟುಡಿಯೋ ಮಾನಿಟರ್ ಚಿಕ್ಕ ಕೋಣೆಗೆ ಹೆಚ್ಚು ಹೊಂದುತ್ತದೆ, ನಿಜ. ಆದರೆ ನಾಳೆ ನೀವು ಕೆಲಸ ಮಾಡುವುದು ಹಾರ್ನ್ ಇರುವ ಬಾಕ್ಸ್‌ಗಳ ಮುಂದೆಯೇ ಆದ್ದರಿಂದ, ಆ ನಾದಕ್ಕೆ ಕಿವಿ ಪಳಗುವುದು ನಿಮಗೆ ಲಾಭವೇ.

ಪ್ರಶ್ನೆ: ಲ್ಯಾಪ್‌ಟಾಪ್‌ಗೆ ಚಾರ್ಜರ್ ಸಿಕ್ಕಿಸಿದ ಕೂಡಲೇ ಪಿಎ ಸ್ಪೀಕರ್‌ನಲ್ಲಿ 'ಗುಂಯ್' ಎಂಬ ಸದ್ದು ಶುರುವಾಗುತ್ತದೆ. ಪ್ಲಗ್‌ನ ಮೂರನೆಯ ಪಿನ್ ಮುರಿದರೆ ಸರಿಹೋಗುತ್ತದೆ ಎಂದು ಸ್ನೇಹಿತರು ಹೇಳಿದರು. ಮಾಡಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ಮಾಡಬೇಡಿ. ಆ ಪಿನ್ ಇರುವುದು ಬಾಕ್ಸ್‌ನೊಳಗೆ ವೈರ್ ಸಡಿಲವಾಗಿ ಲೋಹದ ಭಾಗಕ್ಕೆ ತಗುಲಿದಾಗ 230 ವೋಲ್ಟ್ ನಿಮ್ಮ ಮೈಯ ಮೂಲಕ ನೆಲಕ್ಕೆ ಇಳಿಯದಿರಲೆಂದು. ಸದ್ದು ಹೋಗಬಹುದು, ಆದರೆ ಮಿಕ್ಸರ್, ಮೈಕ್, ಲ್ಯಾಪ್‌ಟಾಪ್ ಎಲ್ಲವನ್ನೂ ಕೈಯಲ್ಲಿ ಮುಟ್ಟುತ್ತಾ ಕೆಲಸ ಮಾಡುವವರು ಆ ರಕ್ಷಣೆಯನ್ನು ಕಳೆದುಕೊಳ್ಳಬಾರದು.

ನಿಮ್ಮ ಲ್ಯಾಪ್‌ಟಾಪ್ ಒಂದು ದಾರಿಯಿಂದಲೂ, ಸ್ಪೀಕರ್ ಇನ್ನೊಂದು ದಾರಿಯಿಂದಲೂ ಅರ್ತಿಂಗ್‌ಗೆ ಸೇರಿ, ನಡುವಿನ ಆಡಿಯೋ ಕೇಬಲ್ ಅವೆರಡನ್ನೂ ಜೋಡಿಸಿದಾಗ ಒಂದು ಸುತ್ತು ಉಂಟಾಗುತ್ತದೆ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಮತ್ತು ಅದರ ಇಮ್ಮಡಿಯಾದ 100 ಹರ್ಟ್ಸ್ ಆ ಸುತ್ತಿನಲ್ಲಿ ಹರಿದು ನಿಮಗೆ ಕೇಳಿಸುತ್ತವೆ. ಮೊದಲು ಎರಡು ಸ್ಪೀಕರ್, ಕಂಟ್ರೋಲರ್, ಲ್ಯಾಪ್‌ಟಾಪ್ ಎಲ್ಲವನ್ನೂ ಒಂದೇ ಗೋಡೆ ಸಾಕೆಟ್‌ನಿಂದ ಬರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಕಂಟ್ರೋಲರ್‌ನಲ್ಲಿ ಎಕ್ಸ್‌ಎಲ್‌ಆರ್ ಅಥವಾ ಬ್ಯಾಲೆನ್ಸ್ಡ್ (ಹೊರಗಿನ ಗುಂಯ್ ಸದ್ದನ್ನು ಕಳೆಯುವ) ಔಟ್‌ಪುಟ್ ಇದ್ದರೆ ಆರ್‌ಸಿಎ ಬಿಟ್ಟು ಅದನ್ನೇ ಬಳಸಿ. ಬರೀ ಆರ್‌ಸಿಎ ಇದ್ದರೆ, ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಎರಡು ಚಾನೆಲ್‌ನ ಡಿಐ ಬಾಕ್ಸ್ ಅಥವಾ ಐಸೊಲೇಟರ್ ಹಾಕಿ. ಅದು ಸದ್ದನ್ನು ದಾಟಿಸಿ ಸುತ್ತನ್ನು ಕಡಿಯುತ್ತದೆ. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ತಿಂಗ್ ಪರೀಕ್ಷೆ ಮಾಡಿಸಿ. ಹಳೆಯ ಮನೆಗಳಲ್ಲಿ ಸಾಕೆಟ್‌ಗೆ ಮೂರು ರಂಧ್ರಗಳಿದ್ದರೂ ಮೂರನೆಯದಕ್ಕೆ ವೈರ್ ಕೊಡದೆ ಬಿಟ್ಟಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ: ನನ್ನ ಪಿಎ ಸ್ಪೀಕರ್‌ನಲ್ಲಿ ಬ್ಲೂಟೂತ್ ಇದೆ. ಕೇಬಲ್ ಇಲ್ಲದೆ ಅಭ್ಯಾಸ ಮಾಡಬಹುದಲ್ಲವೇ?
— ಓದುಗರು, ವಿಜಯಪುರ

ಉತ್ತರ: ಹಾಡು ಕೇಳಲು ಬಳಸಿ, ಮಿಕ್ಸ್ ಮಾಡಲು ಬೇಡ. ಬ್ಲೂಟೂತ್ ಸದ್ದನ್ನು ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್‌ನಷ್ಟು ತಡ ಮಾಡುತ್ತದೆ. 128 ಬಿಪಿಎಂ (ನಿಮಿಷಕ್ಕೆ 128 ಬೀಟು) ಹಾಡಿನಲ್ಲಿ ಎರಡು ಬೀಟುಗಳ ನಡುವಿನ ಅಂತರವೇ 469 ಮಿಲಿಸೆಕೆಂಡ್. ಎಂದರೆ ಹೆಡ್‌ಫೋನ್‌ನಲ್ಲಿ ಕೇಳುವುದಕ್ಕಿಂತ ಸ್ಪೀಕರ್ ಸುಮಾರು ಕಾಲು ಬೀಟಿನಿಂದ ಅರ್ಧ ಬೀಟಿನವರೆಗೆ ಹಿಂದೆ ಬೀಳುತ್ತದೆ, ನೀವು ಎಷ್ಟು ಸರಿಯಾಗಿ ಹೊಂದಿಸಿದರೂ ತಪ್ಪಾಗಿಯೇ ಕೇಳುತ್ತದೆ. ಇದೇ ತೊಂದರೆ ಚಿಕ್ಕ ಪ್ರಮಾಣದಲ್ಲಿ ಪೆಂಡಾಲ್‌ನಲ್ಲಿಯೂ ಇದೆ: ಬಾಕ್ಸ್‌ಗಳು ನಿಮ್ಮಿಂದ 10 ಮೀಟರ್ ದೂರವಿದ್ದರೆ ಸದ್ದು ಬರಲು 29 ಮಿಲಿಸೆಕೆಂಡ್ ಬೇಕು. ಆದ್ದರಿಂದ ಕಾರ್ಯಕ್ರಮಕ್ಕೆ ಹೋದಾಗ ನಿಮ್ಮ ಮೇಜಿನ ಪಕ್ಕಕ್ಕೆ ಒಂದು ಮಾನಿಟರ್ ಬಾಕ್ಸ್ ಬೇಕೆಂದು ಸೌಂಡ್‌ನವರನ್ನು ಸಂಕೋಚವಿಲ್ಲದೆ ಕೇಳಿ.

ಪ್ರಶ್ನೆ: ನಾವಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ. ಮಗ ಸಂಜೆ ಕೆಲಸ ಮುಗಿಸಿ ಬಂದು ಪಿಎ ಸ್ಪೀಕರ್‌ನಲ್ಲಿ ಡಿಜೆ ಅಭ್ಯಾಸ ಮಾಡುತ್ತಾನೆ. ನೆರೆಯವರಿಗೂ ಅವನ ಕಿವಿಗೂ ತೊಂದರೆಯಾಗದಂತೆ ಎಷ್ಟು ಸದ್ದು, ಎಷ್ಟು ಹೊತ್ತು ಇರಬಹುದು?
— ಓದುಗರು, ಬೆಂಗಳೂರು

ಉತ್ತರ: ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ 10ರಿಂದ ಬೆಳಗಿನ 6 ಗಂಟೆಯವರೆಗೆ. ಖಾಸಗಿ ಸೌಂಡ್ ಸಿಸ್ಟಮ್‌ನ ಸದ್ದು ನಿಮ್ಮ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಆದರೆ ನೆರೆಯವರ ನಿದ್ದೆ ಕೆಡಿಸುವುದು ಹೆಚ್ಚಾಗಿ ಬೇಸ್. ಮಾತಿನ ಸದ್ದನ್ನು ತಡೆಯುವ ಗೋಡೆ ಕಿಕ್ ಅನ್ನು ಅಷ್ಟಾಗಿ ತಡೆಯುವುದಿಲ್ಲ, ನೆಲಕ್ಕೆ ತಾಗಿದ ಸ್ಟ್ಯಾಂಡ್ ಅದನ್ನು ನೇರವಾಗಿ ಸ್ಲ್ಯಾಬ್‌ಗೆ ಇಳಿಸುತ್ತದೆ. ಸ್ಟ್ಯಾಂಡ್‌ನ ಕಾಲುಗಳ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿಸಿ. ಸ್ಪೀಕರ್‌ನ ಹಿಂಬದಿಯಲ್ಲಿ ಹೈ-ಪಾಸ್ ಅಥವಾ ಲೋ-ಕಟ್ (ತಳಸ್ವರಗಳನ್ನು ತಡೆಯುವ) ಸ್ವಿಚ್ ಇದ್ದರೆ ಸಂಜೆಯ ಹೊತ್ತು 100 ಹರ್ಟ್ಸ್‌ಗೆ ಇಡಲಿ. ಇದನ್ನು ಮಿಕ್ಸರ್‌ನ ಲೋ ನಾಬ್‌ನಲ್ಲಿ ಮಾಡದಂತೆ ನೋಡಿಕೊಳ್ಳಿ; ಕಾರಣವನ್ನು ಮೇಲೆ ದಾವಣಗೆರೆಯ ಪತ್ರಕ್ಕೆ ಉತ್ತರಿಸುವಾಗ ಹೇಳಿದ್ದೇನೆ. ಕಿಕ್‌ಗಳನ್ನು ಹೆಡ್‌ಫೋನ್‌ನಲ್ಲಿ ಹೊಂದಿಸುವುದರಿಂದ ಅಭ್ಯಾಸಕ್ಕೆ ಕುಂದಾಗುವುದಿಲ್ಲ.

ಕಿವಿಯ ವಿಷಯದಲ್ಲಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ಎನ್‌ಐಒಎಸ್‌ಎಚ್ ಹೇಳುವ ಮಿತಿಯನ್ನು ಗೋಡೆಗೆ ಬರೆದಿಡಬಹುದು: 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬಲ್ ಏರಿಕೆಗೆ ಹೊತ್ತು ಅರ್ಧ. 94ಕ್ಕೆ ಬರುವಾಗ ಒಂದು ಗಂಟೆಯಷ್ಟೇ ಉಳಿಯುತ್ತದೆ, 100ಕ್ಕೆ ಕಾಲು ಗಂಟೆ. ಮೊಬೈಲ್‌ನ ಡೆಸಿಬಲ್ ಆ್ಯಪ್ ಅಂದಾಜಿಗೆ ಸಾಕು, ಅವನು ನಿಲ್ಲುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಹಿಡಿದು 75ರಿಂದ 80ರೊಳಗೆ ಇರುವಂತೆ ನೋಡಲಿ. ನನ್ನ ಅನುಭವದಲ್ಲಿ ಕಿವಿಗೆ ಹೆಚ್ಚು ಅಪಾಯ ಹೆಡ್‌ಫೋನ್‌ನಿಂದ. ಕೋಣೆಯ ಸದ್ದು ಏರಿದಷ್ಟೂ ಕ್ಯೂ (ಮುಂದೆ ಬಿಡಲಿರುವ ಹಾಡು) ಕೇಳಲೆಂದು ಹೆಡ್‌ಫೋನ್ ಏರಿಸಬೇಕಾಗುತ್ತದೆ, ಅದು ಒಂದೇ ಕಿವಿಗೆ, ಕಿವಿಯ ತಮಟೆಗೆ ಒತ್ತಿ ಹಿಡಿದಂತೆ, ಗಂಟೆಗಟ್ಟಲೆ ಬೀಳುತ್ತದೆ. ಬಹಳ ಜನ ಡಿಜೆಗಳಂತೆ ಅವನಿಗೂ ಒಂದೇ ಕಿವಿ ಬಳಸುವ ರೂಢಿಯಿದ್ದರೆ ಆಗಾಗ ಕಿವಿ ಬದಲಿಸಲು ಹೇಳಿ. ಅಭ್ಯಾಸ ಮುಗಿಸಿ ಮಲಗಿದಾಗ ಕಿವಿಯಲ್ಲಿ 'ಕುಂಯ್' ಎಂಬ ಸದ್ದು ಕೇಳುತ್ತಿದ್ದರೆ ಅಂದಿನ ಸದ್ದು ಹೆಚ್ಚಾಗಿತ್ತೆಂದೇ ಅರ್ಥ. ಮರುದಿನವೂ ಅದು ನಿಲ್ಲದಿದ್ದರೆ ತಡಮಾಡದೆ ಇಎನ್‌ಟಿ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.